ಗುಡ್ಡದ ದಾರಿಗೆ ಬಿದ್ದ ಒಂದುಗಳು

ಕಂದಾಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸಾರ್, ಎಲೆಕ್ಷನ್ ಡ್ಯೂಟಿ ತಪ್ಪಿಸ್ಕೊಳ್ಳೋದು ಹೆಂಗೆ?" ತಪ್ಪಿಸಿಕೊಳ್ಳಬೇಡ್ರಪ್ಪಾ, ಅಲ್ಲಿ ಕಲಿಯುವುದು ಕಚೇರಿಯ ಕುರ್ಚಿಯಲ್ಲಿ ಸಿಗುವುದಿಲ್ಲ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ಅದಕ್ಕೇ ಬರೆಯಲು ಕೂತೆ. ಕೂತೆ ಅನ್ನುವುದೂ ಸುಳ್ಳೇ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ನಿವೃತ್ತಿಯಾದ ಮೇಲೆ ಈ ರೋಗ ಹೆಚ್ಚಾಗಿದೆ. "ಕಾಲು ಸುಟ್ಟ ಬೆಕ್ಕಿನಂಗೆ ಯಾಕೆ ತಿರುಗಾಡ್ತೀರಿ? ಒಂದ್ ಕಡೆ ಕುಂದ್ರಾಕೆ ಬರಲ್ವಾ?" ಎಂದು ಮನೆಯಾಕೆ ದಿನಾ ಬೈಯುತ್ತಾಳೆ. ಯಾಕೆ ತಿರುಗುತ್ತೇನೆ ಅನ್ನುವುದು ಇದನ್ನು ಓದಿ ಮುಗಿಸುವ ಹೊತ್ತಿಗೆ ನಿಮಗೆ ಗೊತ್ತಾಗಬಹುದು.

ಜಗಳೂರಿನಲ್ಲಿ ಗುಮಾಸ್ತನಾಗಿ ಸೇರಿ, ಚನ್ನಗಿರಿ, ಹೊನ್ನಾಳಿ ಸುತ್ತಿ, ನ್ಯಾಮತಿಯಲ್ಲಿ ಶಿರಸ್ತೇದಾರನಾಗಿ ಕೆಲಸ ಮುಗಿಸಿದವನು ನಾನು. ಎಲ್ಲ ಬಗೆಯ ಚುನಾವಣೆಯನ್ನೂ ಮಾಡಿದ್ದೇನೆ. ಗುಂಡಿ ಒತ್ತಿ ಬೀಪ್ ಅನ್ನಿಸುವ ಚುನಾವಣೆ ಬಗ್ಗೆ ನಾನೇನೂ ಹೇಳುವುದಿಲ್ಲ, ಅದು ನಿಮಗೇ ಗೊತ್ತು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ, ಪದವೀಧರ ಕ್ಷೇತ್ರ ಅಂತ ಇವೆಯಲ್ಲ, ಅಲ್ಲಿ ಯಂತ್ರ ಇಲ್ಲ. ಮತಪತ್ರದ ಮೇಲೆ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಂಕಿ ಬರೆಯಬೇಕು. ಮೊದಲು ಬೇಕಾದವರ ಹೆಸರಿನ ಮುಂದೆ ಒಂದು, ಆಮೇಲೆ ಬೇಕಾದವರ ಮುಂದೆ ಎರಡು, ಮೂರು, ಹೀಗೆ. ಎಣಿಸುವಾಗ ಯಾರಿಗೂ ಅರ್ಧಕ್ಕಿಂತ ಹೆಚ್ಚು 'ಒಂದು' ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವರನ್ನು ಕಣದಿಂದ ಹೊರಗೆ ಹಾಕಿ, ಅವರ ಚೀಟಿಗಳನ್ನು ಬಿಚ್ಚಿ, ಅದರಲ್ಲಿರುವ 'ಎರಡು' ಯಾರಿಗೆ ಹೋಗುತ್ತದೋ ಅವರಿಗೆ ಸೇರಿಸುವುದು. ಒಬ್ಬರು ಗೆಲ್ಲುವವರೆಗೆ ಹೀಗೇ ನಡೆಯಬೇಕು. ಹೇಳುವುದಕ್ಕೆ ಇಷ್ಟೇ. ಎಣಿಸಲು ಕೂತರೆ ಸೊಂಟ ಬಿದ್ದುಹೋಗುತ್ತದೆ.

ಜಗಳೂರಿನಲ್ಲಿ ಒಮ್ಮೆ ಶಿಕ್ಷಕರ ಕ್ಷೇತ್ರದ ಮತಗಟ್ಟೆಯಲ್ಲಿ ಕೂತಿದ್ದೆ. ಗಣಿತದ ಮೇಷ್ಟ್ರು ಒಬ್ಬರು ಮತಪತ್ರ ತೆಗೆದುಕೊಂಡು ಮರೆಗೆ ಹೋದವರು ಹಾಗೇ ತಲೆ ಹೊರಗೆ ಹಾಕಿ, "ನೂರಕ್ಕೆ ಬರೀಬೇಕೇನ್ರಿ, ಐವತ್ತಕ್ಕಾ?" ಎಂದರು. ನನಗೆ ನಗು ತಡೆಯಲಾಗಲಿಲ್ಲ. "ಮಾರ್ಕ್ಸ್ ಅಲ್ಲ ಮೇಷ್ಟ್ರೇ, ಕ್ರಮ ಬರೀಬೇಕು, ಒಂದು ಎರಡು ಮೂರು" ಎಂದೆ. ಮೇಷ್ಟ್ರಿಗೆ ಸಿಟ್ಟು ಬಂತು.

"ಅದ್ರಾಗೆ ಏನ್ ಗೊತ್ತಾಗ್ತೈತ್ರೀ? ನಮ್ ಕ್ಲಾಸಿನಾಗೆ ಫಸ್ಟ್ ಬಂದೋನಿಗೆ ತೊಂಬತ್ತೆಂಟು, ಸೆಕೆಂಡ್ ಬಂದೋನಿಗೆ ನಲವತ್ತು. ಇಬ್ಬರ ನಡುವೆ ಒಂದೇ ಮೆಟ್ಲು ಅಂತೀರಾ?"

"ಇಲ್ಲಿ ಒಂದೇ ಮೆಟ್ಲು ಮೇಷ್ಟ್ರೇ, ಬೇಗ ಬರೀರಿ, ಹಿಂದೆ ಜನ ನಿಂತಾರೆ" ಎಂದೆ. ಅವರು ಗೊಣಗುತ್ತಾ ಬರೆದು ಮಡಚಿ ಹಾಕಿ ಹೋದರು. ಏನು ಬರೆದರೋ ದೇವರೇ ಬಲ್ಲ. ಮುಂದೆ ಎಣಿಕೆಯ ದಿನ ನನ್ನ ಮೇಜಿಗೆ ಬಂದ ಚೀಟಿಗಳಲ್ಲಿ ಒಂದರ ಮೇಲೆ ತೊಂಬತ್ತೆಂಟು, ಮೂವತ್ತೈದು, ಹನ್ನೆರಡು ಎಂದಿತ್ತು. ಇನ್ನೊಂದರಲ್ಲಿ ಒಬ್ಬರಿಗೆ ನೂರು, ಉಳಿದವರಿಗೆಲ್ಲ ದೊಡ್ಡ ದೊಡ್ಡ ಸೊನ್ನೆ. ಜೀವಮಾನವೆಲ್ಲ ಉತ್ತರಪತ್ರಿಕೆ ತಿದ್ದಿದ ಕೈ ತಾನೇ, ಪೆನ್ನು ಸಿಕ್ಕರೆ ಮಾರ್ಕ್ಸ್ ಹಾಕಿಬಿಡುತ್ತದೆ. ಒಂದು ಅನ್ನುವ ಅಂಕಿ ಇಲ್ಲದ ಚೀಟಿ ಅಸಿಂಧು. ಎಲ್ಲವನ್ನೂ ಪಕ್ಕಕ್ಕೆ ಕಟ್ಟಿಟ್ಟೆವು.

ಆವತ್ತು ನಮ್ಮ ಮೇಲಿದ್ದ ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಧೈರ್ಯ ಮಾಡಿ ಕೇಳಿದೆ: "ಸಾರ್, ಮಾರ್ಕ್ಸ್ ಹಾಕೋ ಪದ್ಧತಿಯೇ ವಾಸಿ ಅಲ್ವಾ? ಯಾರು ಎಷ್ಟು ಬೇಕು ಅನ್ನೋದಾದರೂ ಗೊತ್ತಾಗುತ್ತಲ್ಲ?"

"ಅವರವರ ಮನೆ ಹುಡುಗ್ರಿಗೆ ಅವರೇ ಮಾರ್ಕ್ಸ್ ಹಾಕ್ಲಿ ಅಂತ ಬಿಟ್ಟು ನೋಡ್ರಿ" ಎಂದರು ಸಾಹೇಬರು. "ಎಲ್ಲರೂ ನೂರಕ್ಕೆ ನೂರು. ಪಕ್ಕದ ಮನೆಯೋನು ಎಷ್ಟೇ ಜಾಣ ಆಗಿದ್ರೂ ಸೊನ್ನೆ. ಆಸೆ ಎಷ್ಟೈತೆ ಅಂತ ಅಳಿಯಾಕೆ ಹೋದ್ರೆ ಜನ ಸುಳ್ಳು ಹೇಳ್ತಾರೆ ಕಣ್ರೀ. ಕ್ರಮ ಕೇಳಿದ್ರೆ ಅಷ್ಟು ಸುಳ್ಳಿಗೆ ಜಾಗ ಇಲ್ಲ. ಸುಮ್ನೆ ಎಣಿಸ್ರಿ."

ಅವರ ಮಾತೂ ಸುಳ್ಳಲ್ಲ. ಆದರೆ ಮೇಷ್ಟ್ರ ಮಾತು ನನ್ನ ತಲೆಗೆ ಹುಳ ಬಿಟ್ಟಂತೆ ಹೊಕ್ಕಿತ್ತು.

ಚನ್ನಗಿರಿಗೆ ವರ್ಗವಾಯಿತು. ಅಲ್ಲಿ ಪದವೀಧರ ಕ್ಷೇತ್ರದ ಚುನಾವಣೆಗೆ ಮುಂಚೆ ಊರೂರಿಗೆ ಹೋಗಿ ಮತ ಹಾಕುವುದು ಹೇಗೆಂದು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಉಬ್ರಾಣಿಯಲ್ಲಿ ಒಬ್ಬ ನಿವೃತ್ತ ಲೆಕ್ಚರರ್ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದರು. "ನನ್ ಶಿಷ್ಯ ನಿಂತಾನೆ. ಅವನಿಗೆ ಒಂದು ಕೊಡ್ತೀನಿ. ಇನ್ನೊಬ್ಬರಿಗೆ ಎರಡು ಕೊಟ್ರೆ ನನ್ ಹುಡುಗನಿಗೆ ಪೆಟ್ಟು ಬೀಳತೈತಾ?" ಇಲ್ಲ ಸಾರ್, ನಿಮ್ಮ ಶಿಷ್ಯ ಕಣದಲ್ಲಿ ಇರುವವರೆಗೆ ನಿಮ್ಮ ಎರಡನ್ನು ಯಾರೂ ಓದುವುದಿಲ್ಲ ಎಂದು ಬಿಡಿಸಿ ಹೇಳಿದೆ. ಹೊಸಬರೇ, ಇದನ್ನು ನೆನಪಿಟ್ಟುಕೊಳ್ಳಿ. ಎರಡನೆಯ ಪ್ರಾಶಸ್ತ್ಯ ಓದುವುದು ಸೋತು ಹೊರಗೆ ಬಿದ್ದವರ ಚೀಟಿಯಲ್ಲಿ. ಇನ್ನೂ ಕಣದಲ್ಲಿರುವವರ ಚೀಟಿಯಲ್ಲಿ ಎರಡು ಯಾರಿಗಿದೆ ಅನ್ನುವುದು ಮಡಿಕೆಯೊಳಗೇ ಉಳಿದುಬಿಡುತ್ತದೆ.

ನಲ್ಲೂರಿನಲ್ಲಿ ಒಬ್ಬರು ಡಿಗ್ರಿ ಓದಿದ ಅಡಿಕೆ ವ್ಯಾಪಾರಿ. ನಾನು ಬೋರ್ಡಿನ ಮೇಲೆ ಒಂದು ಎರಡು ಮೂರು ಬರೆದು ತೋರಿಸುತ್ತಿದ್ದರೆ ಕೈ ಕಟ್ಟಿಕೊಂಡು ನೋಡುತ್ತಿದ್ದರು. ಕೊನೆಗೆ, "ಎಲ್ಲಾ ಸರಿ ಸಾರ್, ಬರೇ ನಂಬರ್ ಹೇಳಿದ್ರೆ ಏನ್ ಬಂತು? ಧಾರಣೆ ಹೇಳ್ರಿ" ಎಂದರು. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರು ತಮಾಷೆಗೆ ಹೇಳಿದ್ದಲ್ಲ ಅನ್ನುವುದು ನನಗೆ ಗೊತ್ತಾಯಿತು. ಮೊದಲ ದರ್ಜೆಯ ಅಡಿಕೆಗೂ ಎರಡನೆಯ ದರ್ಜೆಯ ಅಡಿಕೆಗೂ ಬೆಲೆಯಲ್ಲಿ ಒಂದು ದಿನ ಕೂದಲೆಳೆಯ ಅಂತರ, ಇನ್ನೊಂದು ದಿನ ಆಕಾಶ ಪಾತಾಳ. ದರ್ಜೆಯ ಹೆಸರು ಮಾತ್ರ ಎರಡು ದಿನವೂ ಅದೇ.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಮಾತು ಈಗ ಬರುತ್ತದೆ.

ನನ್ನ ಸೇವೆಯ ಕೊನೆಯ ವರ್ಷ. ನ್ಯಾಮತಿಗೂ ಹೊನ್ನಾಳಿಗೂ ನಡುವೆ ಒಂದು ಊರು, ಹೆಸರು ಬೇಡ. ನ್ಯಾಮತಿಯಿಂದ ಹೊರಟು ಆ ಊರಿನ ಮೇಲೆ ಹಾದು ಹೊನ್ನಾಳಿಗೆ ಹೋಗುವಂತೆ ಬೆಳಿಗ್ಗೆ ಒಂದು ಖಾಸಗಿ ಬಸ್ಸು ಬಿಡಲು ಅದರ ಮಾಲೀಕರು ರಹಮತ್ ಸಾಬರು ಒಪ್ಪಿದ್ದರು. ಬಸ್ಸು ಊರ ನಡುವಿನ ಅರಳಿಕಟ್ಟೆಗೆ ಬರುವುದು ಖಂಡಿತ. ಅಲ್ಲಿಂದ ದೊಡ್ಡ ರಸ್ತೆಗೆ ಸೇರಲು ಮೂರು ದಾರಿ. ಕಾಲುವೆ ಏರಿ ಮೇಲಿನದು ಒಂದು, ಕೆರೆಯ ಪಕ್ಕದ್ದು ಇನ್ನೊಂದು, ಗುಡ್ಡದ ಬುಡದ್ದು ಮತ್ತೊಂದು. "ಮೂರೂ ಕಡೆ ಸುತ್ತಿದ್ರೆ ಡೀಸೆಲ್ಲಿಗೇ ಸಾಲಲ್ಲ. ಒಂದು ದಾರಿ ನೀವೇ ಆರಿಸಿ ಹೇಳ್ರಿ" ಎಂದು ರಹಮತ್ ಸಾಬರು ಕೈ ತೊಳೆದುಕೊಂಡರು. ಕಾಲುವೆ ಕಡೆಯವರಿಗೂ ಕೆರೆ ಕಡೆಯವರಿಗೂ ಮೊದಲೇ ಹಾವು ಮುಂಗುಸಿ. ಗ್ರಾಮಸಭೆಯಲ್ಲಿ ಕುರ್ಚಿ ಎತ್ತುವವರೆಗೂ ಹೋಯಿತು. ಆಗ ಬಂದ ನಮ್ಮ ಹೊಸ ಸಾಹೇಬರು, ಬಿಸಿರಕ್ತದ ಹುಡುಗ, ಒಳ್ಳೆಯವರು, "ಪ್ರಾಶಸ್ತ್ಯ ಮತ ಮಾಡಿಸೋಣ, ಯಾರೂ ತಕರಾರು ಎತ್ತೋ ಹಾಗಿರಲ್ಲ. ನೀವು ಪಳಗಿದವರು, ನೀವೇ ನಡೆಸಿ" ಎಂದು ನನ್ನನ್ನು ಕಳಿಸಿದರು.

ಗುಡ್ಡದ ಕೇರಿ ಅರಳಿಕಟ್ಟೆಯಿಂದ ದೂರ, ಅಲ್ಲಿ ಕಡಿಮೆ ಮನೆ. ಕೂಲಿ ಮಾಡುವವರು, ಒಂದಿಷ್ಟು ಹೊಲ ಇರುವವರು. ಅಲ್ಲಿ ಹನುಮಕ್ಕ ಎಂಬ ಹೆಂಗಸು. ಆಕೆಯ ಗಂಡ ಕೆಂಚಪ್ಪನಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಹೊನ್ನಾಳಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಒಂದು ಸರದಿ ತಪ್ಪಿದರೆ ಮುಖ, ಕಾಲು ಊದಿ ಉಸಿರು ಕಟ್ಟುತ್ತಿತ್ತು. ಕೇರಿಯವರು ಯಾರದೋ ಬೈಕು ಕೇಳಿ, ಮುಂದೊಬ್ಬ ಹಿಂದೊಬ್ಬ ಕೂತು, ನಡುವೆ ಕೆಂಚಪ್ಪನನ್ನು ಇಟ್ಟುಕೊಂಡು ಹೋಗುತ್ತಿದ್ದರು. ಒಮ್ಮೆ ದಾರಿಯಲ್ಲೇ ತಲೆ ತಿರುಗಿ ಬಿದ್ದುಬಿಟ್ಟಿದ್ದ. ಬಸ್ಸು ಗುಡ್ಡದ ಬುಡಕ್ಕೆ ಬಂದರೆ ಆ ಮನುಷ್ಯ ಬದುಕುತ್ತಾನೆ. ಅಷ್ಟೇ ವಿಷಯ.

ಮತದ ದಿನ ಶಾಲೆಯ ಕೋಣೆಯಲ್ಲಿ ಚೀಟಿ ಕೊಡುತ್ತಿದ್ದೆ. ಓದು ಬಾರದವರಿಗೂ ಗೊತ್ತಾಗಲಿ ಎಂದು ಕಾಲುವೆ, ಕೆರೆ, ಗುಡ್ಡದ ಚಿತ್ರ ಹಾಕಿಸಿದ್ದೆ. ಹನುಮಕ್ಕ ಪೆನ್ನು ಹಿಡಿದು ನಿಂತೇ ಇದ್ದಳು.

"ಸಾರ್, ಗುಡ್ಡಕ್ಕೆ ಒಂದು ಬರ್ದೆ. ಎರಡು ಎಲ್ಲಿಗೆ ಬರೀಲಿ?"

"ಗುಡ್ಡ ಇಲ್ಲಾಂದ್ರೆ ಯಾವ ದಾರಿ ಅನುಕೂಲನೋ ಅಲ್ಲಿಗೆ ಬರಿಯಮ್ಮಾ."

"ಗುಡ್ಡ ಇಲ್ಲಾಂದ್ರೆ ನಮಗೆ ಬಸ್ಸೇ ಇಲ್ಲ. ಅತ್ಲಾಗೆ ಹೋದ್ರೇನು, ಇತ್ಲಾಗೆ ಹೋದ್ರೇನು? ಹಂಗಾರೆ ನನ್ ಒಂದಕ್ಕೆ ಸ್ವಲ್ಪ ಜಾಸ್ತಿ ತೂಕ ಹಾಕ್ತೀರಾ?"

"ಹಂಗೆ ಬರಲ್ಲ ತಾಯಿ. ಎಲ್ಲರ ಒಂದೂ ಒಂದೇ."

ಆಕೆ ನನ್ನ ಮುಖ ನೋಡಿದಳು. ಎರಡನ್ನು ಬರೆಯದೇ ಚೀಟಿ ಮಡಚಿದಳು. ಕೇರಿಯವರೆಲ್ಲ ಹಾಗೇ ಮಾಡಿದರು.

ಅವಳ ಹಿಂದೆಯೇ ಕಾಲುವೆ ಕಡೆಯ ಹಿರಿಯರು ಹಾಲೇಶಪ್ಪ ಬಂದರು. ಅಡಿಕೆ ತೋಟ, ಮನೆಯಲ್ಲಿ ಎರಡು ಬೈಕು ಇರುವವರು. ನಿಂತ ಕಾಲಿನಲ್ಲೇ ಕಾಲುವೆಗೆ ಒಂದು ಬರೆದು, "ಎರಡು ಯಾವುದಕ್ಕಾದ್ರೂ ಆತು. ಆದ್ರೆ ಆ ಕೆರೆಯೋರಿಗೆ ಮಾತ್ರ ಬ್ಯಾಡ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗುಡ್ಡಕ್ಕೆ ಎರಡು ಬರೆದರು. ಕೆರೆ ಕಡೆಯವರೂ ಅದೇ ಹಟದಲ್ಲಿ ಕಾಲುವೆಗೆ ಮೂರು ಬರೆದು ಗುಡ್ಡಕ್ಕೆ ಎರಡು ಕೊಟ್ಟರು. ಬಹುಪಾಲು ಜನ ಬರೆದು ಹಾಕಿ ಕೆಲಸಕ್ಕೆ ಹೋದರು. ಗುಡ್ಡದ ಕೇರಿಯವರು ಮಾತ್ರ ಕೂಲಿ ಬಿಟ್ಟು ಶಾಲೆಯ ಅಂಗಳದಲ್ಲೇ ಕೂತರು.

ಎಣಿಸಿದೆ. ಕಾಲುವೆ ಮುಂದೆ, ಕೆರೆ ಅದರ ಹಿಂದೆ, ಗುಡ್ಡ ಎಲ್ಲಕ್ಕಿಂತ ಕೆಳಗೆ. ಯಾವುದೂ ಅರ್ಧ ದಾಟಿಲ್ಲ. ಕಡಿಮೆ ಬಂದದ್ದು ಗುಡ್ಡ, ಅದು ಹೊರಗೆ. ಅದರ ಚೀಟಿಗಳಲ್ಲಿ ಎರಡೇ ಇಲ್ಲ, ಆದ್ದರಿಂದ ಯಾರಿಗೂ ಸೇರಲಿಲ್ಲ. ಉಳಿದ ಎರಡರಲ್ಲಿ ಕಾಲುವೆ ಗೆದ್ದಿತು. ನಿಯಮದಲ್ಲಿ ಒಂದು ಕೂದಲೂ ತಪ್ಪಿಲ್ಲ. ಆದರೆ ಚೀಟಿಗಳು ನನ್ನ ಕೈಯಲ್ಲೇ ಇದ್ದವಲ್ಲ, ನನ್ನ ಕಣ್ಣಿಗೆ ಕಂಡಿತ್ತು. ಊರಿನ ಬಹುತೇಕ ಎಲ್ಲರ ಚೀಟಿಯಲ್ಲೂ ಗುಡ್ಡ ಒಂದು ಅಥವಾ ಎರಡು. ಕಾಲುವೆಯ ಎದುರು ಗುಡ್ಡ ಒಂದನ್ನೇ ನಿಲ್ಲಿಸಿದ್ದರೆ ಕೆರೆಯವರು ಸೇರಿ ಗುಡ್ಡ ಗೆಲ್ಲುತ್ತಿತ್ತು. ಕೆರೆಯ ಎದುರು ನಿಲ್ಲಿಸಿದ್ದರೆ ಕಾಲುವೆಯವರು ಗೆಲ್ಲಿಸುತ್ತಿದ್ದರು. ಮೂರನ್ನೂ ಒಟ್ಟಿಗೆ ನಿಲ್ಲಿಸಿದ್ದಕ್ಕೆ ಅದೇ ಮೊದಲು ಬಿತ್ತು. ಸಾಹೇಬರಿಗೆ ಫೋನು ಮಾಡಿ ಹೇಳಿದೆ. "ಮೊದಲೇ ಒಪ್ಪಿದ ನಿಯಮ ಅಲ್ವಾ? ಎಣಿಸಿದ ಮೇಲೆ ಬದಲಾಯಿಸಿದರೆ ನಾಳೆ ನಮ್ಮನ್ನು ಯಾರು ನಂಬ್ತಾರೆ?" ಎಂದರು. ಹೌದು, ಅದೂ ಸರಿ. ಘೋಷಣೆ ಮಾಡಿದೆ.

ಫಲಿತಾಂಶ ಕೇಳಲು ಬಂದ ಕಾಲುವೆಯವರು ಚಪ್ಪಾಳೆ ಹೊಡೆದರು. ಹನುಮಕ್ಕ ಎದ್ದು ನಿಂತಳು. ಅಳಲಿಲ್ಲ, ಬೈಯಲಿಲ್ಲ.

"ಒಂದ್ ಮಾತು ಕೇಳ್ತೀನಿ. ಬಸ್ಸು ಗುಡ್ಡದ ಮ್ಯಾಲೆ ಹೋದ್ರೆ ನಿಮ್ಮಾಗೆ ಯಾರ್ಯಾರಿಗೆ ತೊಂದ್ರೆ ಆಗ್ತೈತೆ? ಕೈ ಎತ್ರಿ."

ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರೂ ಹಾಲೇಶಪ್ಪನವರ ಕಡೆ ನೋಡಿದರು. ಅವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು.

"ತೊಂದ್ರೆ ಅಂತ ಏನಿಲ್ಲಮ್ಮಾ. ಕಟ್ಟೆ ತಂಕ ನಾಕ್ ಹೆಜ್ಜೆ ನಡೀಬೇಕು, ಅಷ್ಟೇ. ಆದ್ರೆ ಓಟು ಅಂದ್ಮೇಲೆ ಓಟು. ಗೆದ್ದಿದ್ದನ್ನ ಬಿಟ್ಟುಕೊಡು ಅಂದ್ರೆ ಹೆಂಗೆ?"

ಓಟು ಅಂದಮೇಲೆ ಓಟು. ಇದನ್ನೇ ಜೀವಮಾನ ಪೂರ್ತಿ ಜನರಿಗೆ ಹೇಳಿಕೊಟ್ಟವನು ನಾನು. ಅವತ್ತು ಆ ಮಾತು ನನ್ನ ಕಿವಿಗೆ ಸೀಸ ಕಾಯಿಸಿ ಹೊಯ್ದ ಹಾಗಾಯಿತು. ಮುಂದಿನ ತಿಂಗಳು ನಿವೃತ್ತಿ. ಹಾರ ಹಾಕಿ, ಶಾಲು ಹೊದಿಸಿ, ಯಾರು ಯಾರೋ ಭಾಷಣ ಮಾಡಿದರು. ಒಂದೂ ತಲೆಗೆ ಹೋಗಲಿಲ್ಲ.

ಮಳೆಗಾಲ ಶುರುವಾದ ಮೇಲೆ ಮನೆಯಲ್ಲಿ ಕೂರಲಾಗದೆ ಒಂದು ಬೆಳಿಗ್ಗೆ ನ್ಯಾಮತಿಯಲ್ಲಿ ಅದೇ ಬಸ್ಸು ಹತ್ತಿದೆ. ನೋಡಿ ಬರೋಣ, ಮನಸ್ಸಿಗೆ ಸಮಾಧಾನವಾದರೂ ಆಗಲಿ ಎಂದುಕೊಂಡೆ. ಬಸ್ಸು ಅರಳಿಕಟ್ಟೆ ದಾಟಿ ಕಾಲುವೆ ಏರಿಯ ಮೇಲೆ ಹೋಯಿತು. ಕಾಲುವೆ ಕಡೆಯ ಹುಡುಗರು ಬೈಕಿನಲ್ಲಿ ನಮ್ಮನ್ನು ಹಿಂದೆ ಹಾಕಿ, ಡ್ರೈವರನಿಗೆ ಕೈ ಬೀಸಿ ಹೋದರು. ಒಬ್ಬರೂ ಹತ್ತಲಿಲ್ಲ. ಏರಿಯ ಕೊನೆಯ ನಿಲ್ದಾಣದಲ್ಲಿ ಮಾತ್ರ ಜನ ಇದ್ದರು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದ ಗುಡ್ಡದ ಕೇರಿಯವರು. ಕಟ್ಟೆಗಿಂತ ಇದೇ ಹತ್ತಿರವೆಂದು ಗದ್ದೆಯ ಬದುವಿನ ಮೇಲೆ, ಕೆಂಚಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹೊತ್ತು ತಂದಿದ್ದರು. ಹಿಂದೆ ಹನುಮಕ್ಕ ಕೊಡೆ ಹಿಡಿದಿದ್ದಳು, ತಾನು ಪೂರ್ತಿ ನೆನೆದಿದ್ದಳು. ಕೆಂಚಪ್ಪನ ಮುಖ ಊದಿ ಕಣ್ಣು ಸಣ್ಣದಾಗಿತ್ತು. ಬದು ಕುಸಿದು ಹಿಂದಿನ ಸರದಿ ತಪ್ಪಿತ್ತಂತೆ.

ಕಂಡಕ್ಟರ್ ಟಿಕೆಟ್ ಕೊಡುತ್ತಾ ನನಗೆ ಹೇಳಿದ, "ಈ ಬಸ್ಸಿಗೆ ಇವ್ರೇ ಗಿರಾಕಿ ಸಾರ್. ಓಟ್ ಹಾಕಿ ಗೆದ್ದೋರು ಒಬ್ರೂ ಹತ್ತಲ್ಲ. ಮುಂದಿನ ತಿಂಗಳಿಂದ ಬಸ್ ನಿಲ್ಲಿಸ್ತೀನಿ ಅಂದಾರೆ ಸಾಬ್ರು. ಕಲೆಕ್ಷನ್ ಇಲ್ಲ."

ಹನುಮಕ್ಕ ಅದನ್ನು ಕೇಳಿಸಿಕೊಂಡಳು. ಗಂಡನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತಿದ್ದ ಕೈ ನಿಂತಿತು. ನನ್ನ ಕಡೆ ತಿರುಗಿದಳು.

"ಸಾರ್, ಬಸ್ಸು ನಿಲ್ಲಿಸಾಕೆ ಮತ್ತೆ ಓಟ್ ಇಡ್ತಾರಾ?"

"ಇಲ್ಲಮ್ಮಾ. ಬಸ್ಸು ಅವರದು. ಅವರೊಬ್ಬರೇ ತೀರ್ಮಾನ ಮಾಡ್ತಾರೆ."

"ನಿಲ್ಲಿಸಾಕೆ ಒಬ್ಬರು ಸಾಕು. ನಮ್ ಕಡೆ ತಿರುಗ್ಸಾಕೆ ಊರಿಗೆ ಊರೇ ಬೇಕಾಯ್ತಲ್ಲ ಸಾರ್!"

ಕೆಂಚಪ್ಪನನ್ನು ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ ಆಕೆಯನ್ನು ಕರೆದುಕೊಂಡು ನೇರವಾಗಿ ರಹಮತ್ ಸಾಬರ ಹತ್ತಿರ ಹೋದೆ. ಕಚೇರಿಯ ಭಾಷೆ ಒಂದೂ ಆಡಲಿಲ್ಲ. "ಹೇಗೂ ನಿಲ್ಲಿಸ್ತೀರಿ. ನಿಲ್ಲಿಸೋ ಮುಂಚೆ ಒಂದು ತಿಂಗಳು ಗುಡ್ಡದ ಮೇಲೆ ಓಡಿಸಿ ನೋಡ್ರಿ ಸಾಬ್ರೇ, ಕೈ ಮುಗೀತೀನಿ" ಎಂದೆ. ನಿಜವಾಗಿ ಕೈ ಮುಗಿದೆ. ಸಾಬರು ಹನುಮಕ್ಕನ ಕೆಸರಿನ ಕಾಲು ನೋಡಿದರು.

"ಊರೋರು ಗಲಾಟೆ ಮಾಡಿದ್ರೆ?"

"ಗಲಾಟೆ ಮಾಡೋರು ಬಸ್ಸಿನಾಗೆ ಇರಲ್ಲ ಬಿಡ್ರಿ" ಎಂದಳು ಹನುಮಕ್ಕ. ಸಾಬರು ನಕ್ಕುಬಿಟ್ಟರು. "ಆತು ತಾಯಿ, ಒಂದು ತಿಂಗಳು. ಕಲೆಕ್ಷನ್ ಬರದಿದ್ರೆ ನನ್ನ ಮತ್ತೆ ಕೇಳಬ್ಯಾಡ್ರಿ" ಎಂದರು.

ಆ ತಿಂಗಳು ಇನ್ನೂ ನಡೆಯುತ್ತಿದೆ. ಕೆಂಚಪ್ಪ ಮನೆ ಬಾಗಿಲಿಂದ ನಾಲ್ಕು ಮಾರು ನಡೆದು ತಾನೇ ಬಸ್ಸು ಹತ್ತುತ್ತಾನೆ. ಒಂದು ಸರದಿಯೂ ತಪ್ಪಿಲ್ಲ. ಆದರೆ ಕೇರಿಯ ನಾಲ್ಕು ಜನರಿಂದ ಬಸ್ಸು ಓಡುವುದಿಲ್ಲ ಅನ್ನುವುದು ನನಗೆ ಗೊತ್ತು. ಅದಕ್ಕೇ ದಿನಾ ಬೆಳಿಗ್ಗೆ ಸ್ನಾನ ಮುಗಿಸಿದವನೇ ನ್ಯಾಮತಿಯಲ್ಲಿ ಆ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ, ಒಂದು ಟೀ ಕುಡಿದು, ಬೇರೆ ಬಸ್ಸಿಗೆ ವಾಪಸ್ ಬರುತ್ತೇನೆ. ಹೊನ್ನಾಳಿಯಲ್ಲಿ ನನಗೆ ಯಾವ ಕೆಲಸವೂ ಇಲ್ಲ. ಒಂದು ಟಿಕೆಟ್ ಜಾಸ್ತಿಯಾಗಲಿ, ಅಷ್ಟೇ. ಮನೆಯಾಕೆಗೆ ಇದನ್ನು ಹೇಳಿಲ್ಲ, ಓದಿ ತಿಳಿದುಕೊಳ್ಳಲಿ.

ಮೊನ್ನೆ ಅರಳಿಕಟ್ಟೆಯಲ್ಲಿ ಬಸ್ಸು ನಿಂತಾಗ ಹಾಲೇಶಪ್ಪನವರು ಒಬ್ಬರೇ ಹತ್ತಿದರು. ನನ್ನನ್ನು ಕಂಡು ಕಕ್ಕಾಬಿಕ್ಕಿಯಾದರು. ಪಕ್ಕದಲ್ಲಿ ಜಾಗ ಬಿಟ್ಟೆ, ಕೂತರು.

"ಬೈಕ್ ಕೆಟ್ಟೈತ್ರಿ. ಎರಡೂ ರಿಪೇರಿಗೆ ಬಿಟ್ಟೀನಿ. ಇನ್ನೊಂದಿಷ್ಟು ದಿನ ಇದ್ರಾಗೇ ಬರಬೇಕು" ಎಂದರು.

ಅವರ ಮನೆ ಕಟ್ಟೆಯಿಂದ ಕಾಣುತ್ತದೆ. ಬಸ್ಸು ಗುಡ್ಡದ ಕಡೆ ತಿರುಗುವಾಗ ಕಿಟಕಿಯಿಂದ ನೋಡಿದೆ. ಎರಡು ಬೈಕೂ ತೊಳೆದು, ಒರೆಸಿ, ಜಗಲಿಯ ಮುಂದೆ ನಿಂತಿದ್ದವು. ಹಾಲೇಶಪ್ಪನವರು ಜೇಬಿನಿಂದ ದುಡ್ಡು ತೆಗೆದು ಕಂಡಕ್ಟರನಿಗೆ ಹೇಳಿದರು: "ಹೊನ್ನಾಳಿಗೆ ಐದು ಟಿಕೆಟ್ ಕೊಡಪ್ಪಾ. ಉಳಿದೋರು ನಾಳಿಂದ ಬರ್ತಾರೆ."